ಗೇಮ್‌ನಲ್ಲಿ ಕಾಣದ ಅಜ್ಜಿ ಕಥೆಯ ಲೋಕ: ಲೆವೆಲ್‌ಗಳಿಗೆ ಕತ್ತರಿ ಬೀಳುವುದು ಯಾಕೆ?

ಮಕ್ಕಳಿಗೆ ರಜೆ ಶುರುವಾದರೆ ಮಂಗಳೂರು, ಉಡುಪಿಯ ಮನೆಗಳಲ್ಲಿ ಗೇಮ್ ಬಗ್ಗೆ ಜಗಳವೂ ಶುರು. ಎಷ್ಟು ಹೊತ್ತು ಆಡಬೇಕು, ಎಷ್ಟು ದುಡ್ಡು ಹಾಕಬೇಕು ಅನ್ನುವುದು ಹಳೆಯ ಜಗಳ. ಈಗ ಅದರ ಜೊತೆ ಇನ್ನೊಂದು ಪ್ರಶ್ನೆ ಸೇರಿಕೊಂಡಿದೆ. "ಈ ಗೇಮ್‌ನಲ್ಲಿ ಒಂದು ಇಡೀ ಲೆವೆಲ್ ಬಚ್ಚಿಟ್ಟಿದ್ದಾರೆ ಗೊತ್ತಾ? ರಾಕ್ಷಸನ ಮನೆ, ಬೀನ್ಸ್ ಬಳ್ಳಿ, ಎಲ್ಲ ಉಂಟಂತೆ. ಕಂಪನಿ ಅದನ್ನು ತೆಗೆದುಬಿಟ್ಟಿದೆ." ಯೂಟ್ಯೂಬ್‌ನಲ್ಲಿ ಇಂಥ ವಿಡಿಯೊಗಳಿಗೆ ಲೆಕ್ಕವಿಲ್ಲ. ಮಗ ಅದನ್ನು ನೋಡಿ ಬಂದು ಹೇಳುತ್ತಾನೆ. ಕದ್ರಿಯ ಅಪಾರ್ಟ್‌ಮೆಂಟ್‌ನಲ್ಲಿ ಕೂತ ಅಪ್ಪನಿಗೆ ತಲೆಬುಡ ಅರ್ಥವಾಗುವುದಿಲ್ಲ. ದುಡ್ಡು ಕೊಟ್ಟು ತಂದ ಸಾಮಾನಿನಲ್ಲಿ ಅರ್ಧ ತೆಗೆದಿಟ್ಟಿದ್ದಾರೆ ಅಂದರೆ ಅದು ಮೋಸ ಅಲ್ವಾ?

ಹೆಚ್ಚಿನ ಸಲ ಅದು ಮೋಸ ಅಲ್ಲ. ಕೆಲವು ಸಲ ಹೌದು ಅನ್ನಿಸುವಂಥದ್ದೂ ನಡೆದಿದೆ. ಎರಡನ್ನೂ ಬೇರೆ ಬೇರೆ ಮಾಡಿ ನೋಡಬೇಕಾದರೆ ಗೇಮ್ ತಯಾರಾಗುವ ಬಗೆ ಸ್ವಲ್ಪ ಗೊತ್ತಿರಬೇಕು.

ಲೆವೆಲ್ ಅಂದರೆ ಏನು?

ಗೇಮ್‌ನ ಒಂದು ಭಾಗ, ಒಂದು ಜಾಗ. ಅಲ್ಲಿ ಆಟಗಾರ ಓಡಾಡುತ್ತಾನೆ, ಏನನ್ನೋ ಹುಡುಕುತ್ತಾನೆ, ಯಾರನ್ನೋ ಸೋಲಿಸುತ್ತಾನೆ, ಮುಂದಿನ ಜಾಗಕ್ಕೆ ಹೋಗುತ್ತಾನೆ. ಕೆಲವು ಗೇಮ್‌ಗಳಲ್ಲಿ ಇದನ್ನು 'ವರ್ಲ್ಡ್' ಅನ್ನುತ್ತಾರೆ, ಕೆಲವುದರಲ್ಲಿ 'ಮಿಷನ್', 'ಸ್ಟೇಜ್', 'ಜೋನ್'. ಹೆಸರು ಏನೇ ಇರಲಿ, ಒಂದು ಲೆವೆಲ್ ತಯಾರಾಗಬೇಕಾದರೆ ಹಲವರ ಕೈ ಸೇರಬೇಕು. ಒಬ್ಬರು ಜಾಗದ ನಕ್ಷೆ ಮಾಡುತ್ತಾರೆ. ಇನ್ನೊಬ್ಬರು ಮರ, ಕಲ್ಲು, ಮನೆಗಳ ಆಕಾರ ಮಾಡುತ್ತಾರೆ. ಅದಕ್ಕೆ ಬಣ್ಣ ಹಚ್ಚುವವರು ಬೇರೆ. ಶತ್ರುಗಳು ಹೇಗೆ ನಡೆಯಬೇಕು, ಯಾವಾಗ ಮೈಮೇಲೆ ಬೀಳಬೇಕು ಎಂದು ಬರೆಯುವ ಪ್ರೋಗ್ರಾಮರ್ ಬೇರೆ. ಸಂಗೀತ ಮಾಡುವವರು, ಮಾತು ಬರೆಯುವವರು, ಕೊನೆಗೆ ಅದನ್ನು ನೂರಾರು ಸಲ ಆಡಿ ತಪ್ಪು ಹುಡುಕುವವರು. ಆಟಗಾರ ಅರ್ಧ ಗಂಟೆಯಲ್ಲಿ ಮುಗಿಸುವ ಒಂದು ಲೆವೆಲ್ಲಿಗೆ ತಿಂಗಳುಗಟ್ಟಲೆ ಕೆಲಸ ಹಿಡಿಯುತ್ತದೆ.

ಹೀಗೆ ಶುರುವಾದ ಲೆವೆಲ್ ಮಾರಾಟಕ್ಕೆ ಬಂದ ಗೇಮ್‌ನಲ್ಲಿ ಇಲ್ಲದೆ ಹೋದರೆ ಅದಕ್ಕೆ 'ಕಟ್ ಲೆವೆಲ್' ಅನ್ನುತ್ತಾರೆ. ಕಾಗದದ ಮೇಲಿನ ಐಡಿಯಾ ಆಗಿದ್ದಾಗಲೇ ಬಿಟ್ಟದ್ದಿರಬಹುದು, ಮುಕ್ಕಾಲು ಮುಗಿದ ಮೇಲೆ ಬಿಟ್ಟದ್ದೂ ಇರಬಹುದು. ಯೂಟ್ಯೂಬ್ ವಿಡಿಯೊಗಳು ಈ ವ್ಯತ್ಯಾಸವನ್ನು ಹೇಳುವುದೇ ಇಲ್ಲ. ಒಂದು ಸ್ಕೆಚ್ ಇದ್ದರೂ 'ಬಚ್ಚಿಟ್ಟ ಲೆವೆಲ್' ಆಗಿಬಿಡುತ್ತದೆ.

ಕಾಲಮಿತಿ ಪ್ರಸಂಗದ ಲೆಕ್ಕ

ನಮ್ಮ ಕಡೆಯವರಿಗೆ ಇದನ್ನು ವಿವರಿಸುವುದು ಸುಲಭ. ಯಕ್ಷಗಾನ ನೋಡಿದವರಿಗೆ ಕತ್ತರಿ ಅಂದರೆ ಏನು ಎಂದು ಗೊತ್ತು. ಮೊದಲೆಲ್ಲ ಆಟ ರಾತ್ರಿ ಶುರುವಾದರೆ ಬೆಳಗಿನವರೆಗೆ. ಈಗ ಎಷ್ಟೋ ಕಡೆ ಕಾಲಮಿತಿ. ಸಂಜೆ ಶುರು, ನಡುರಾತ್ರಿಯೊಳಗೆ ಮಂಗಳ. ಪ್ರಸಂಗ ಅದೇ, ಪುಸ್ತಕ ಅದೇ, ಸಮಯ ಮಾತ್ರ ಅರ್ಧ. ಹಾಗಾದರೆ ಯಾವುದನ್ನು ಬಿಡುವುದು?

ಮೊದಲು ಹೋಗುವುದು ಪೂರ್ವರಂಗ. ಕೋಡಂಗಿ, ಬಾಲಗೋಪಾಲ, ಪೀಠಿಕೆ ಸ್ತ್ರೀವೇಷ. ಚಂದವೇ, ಆದರೆ ಬಿಟ್ಟರೆ ಕಥೆಗೆ ಏನೂ ಆಗುವುದಿಲ್ಲ. ಆಮೇಲೆ ಒಡ್ಡೋಲಗ ಚಿಕ್ಕದಾಗುತ್ತದೆ. ನಂತರ ಭಾಗವತರು ನಡುವಿನ ಕೆಲವು ಪದ್ಯ ಹಾರಿಸುತ್ತಾರೆ. ದೇವಿ ಮಹಾತ್ಮೆಯಲ್ಲಿ ಮಹಿಷಾಸುರನ ಪ್ರವೇಶಕ್ಕೆ ಕತ್ತರಿ ಹಾಕುವ ಧೈರ್ಯ ಯಾರಿಗೂ ಇಲ್ಲ, ಜನ ಬರುವುದೇ ಅದಕ್ಕೆ. ಇನ್ನೊಂದು ಮಾತು: ಹಾರಿಸಿದ ಪದ್ಯ ಮಾಯವಾಗುವುದಿಲ್ಲ. ಪ್ರಸಂಗ ಪುಸ್ತಕದಲ್ಲಿ ಇದ್ದೇ ಇರುತ್ತದೆ. ಓದುವವರಿಗೆ ಕಾಣುತ್ತದೆ, ಆಟ ನೋಡುವವರಿಗೆ ಕಾಣುವುದಿಲ್ಲ.

ಗೇಮ್‌ನಲ್ಲೂ ಹೆಚ್ಚುಕಮ್ಮಿ ಇದೇ. ಬಿಟ್ಟರೆ ಕಥೆ ಮುರಿಯದ್ದು ಮೊದಲು ಹೋಗುತ್ತದೆ. ಹೋದದ್ದು ಫೈಲ್‌ಗಳ ಒಳಗೆ ಎಲ್ಲೋ ಉಳಿದಿರುತ್ತದೆ.

ಕತ್ತರಿ ಯಾಕೆ ಬೇಕು?

ಹಳೆಯ ಗೇಮ್‌ಗಳಿಗೆ ಮೊದಲ ತೊಂದರೆ ಜಾಗದ್ದು. 1992ರಲ್ಲಿ ಬಂದ 'ಸೋನಿಕ್ ದಿ ಹೆಡ್ಜ್‌ಹಾಗ್ 2' ಇಡೀ ಗೇಮ್ ಕೂತಿದ್ದು 1 ಎಂಬಿ ಕಾರ್ಟ್ರಿಜ್‌ನಲ್ಲಿ, ಅಂದರೆ ಗೇಮ್ ಯಂತ್ರಕ್ಕೆ ಸಿಕ್ಕಿಸುವ ಪ್ಲಾಸ್ಟಿಕ್ ಡಬ್ಬಿಯಲ್ಲಿ. 1998ರ 'ಬ್ಯಾಂಜೊ-ಕಜೂಯಿ' 16 ಎಂಬಿ. ಅದೇ ಕಾಲದ ಪ್ಲೇಸ್ಟೇಷನ್ ಎಂಬ ಗೇಮ್ ಯಂತ್ರದ ಸಿಡಿಯಲ್ಲಿ ಸುಮಾರು 650 ಎಂಬಿ ಹಿಡಿಸುತ್ತಿತ್ತು. ಆದರೆ ಬ್ಯಾಂಜೊ ಆಡುವ ನಿಂಟೆಂಡೊ 64 ಎಂಬ ಯಂತ್ರಕ್ಕೆ ಕಾರ್ಟ್ರಿಜ್ಜೇ ಗತಿ. ದೊಡ್ಡ ಕಾರ್ಟ್ರಿಜ್ ಬೇಕಾದರೆ ಖರ್ಚು ಜಾಸ್ತಿ. ಹೀಗಿರುವಾಗ ಒಂದು ಹೊಸ ಲೋಕ ಸೇರಿಸಬೇಕಾದರೆ ಇನ್ನೊಂದನ್ನು ಬಿಡಬೇಕು, ಇಲ್ಲವೇ ಎಲ್ಲವನ್ನೂ ಕುಗ್ಗಿಸಬೇಕು.

ಈಗ ಜಾಗದ ತೊಂದರೆ ಅಷ್ಟಿಲ್ಲ. ಈಗಿನ ತೊಂದರೆ ಸಮಯ. ಗೇಮ್ ಬರುವ ದಿನಾಂಕ ಮೊದಲೇ ಘೋಷಣೆ ಆಗಿರುತ್ತದೆ. ಜಾಹೀರಾತು, ಅಂಗಡಿ, ಹಬ್ಬದ ಸೀಸನ್ ಎಲ್ಲ ಅದರ ಮೇಲೆ ನಿಂತಿರುತ್ತದೆ. ದಿನಾಂಕ ಮುಂದೆ ಹೋದರೆ ತಂಡದ ಎಲ್ಲರ ಸಂಬಳ ಅಷ್ಟು ತಿಂಗಳು ಜಾಸ್ತಿ ಕೊಡಬೇಕು. ಆದ್ದರಿಂದ ಒಂದು ಹಂತದಲ್ಲಿ ಕೂತು ಪಟ್ಟಿ ಮಾಡುತ್ತಾರೆ: ಇದು ಇಲ್ಲದೆ ಆಗುವುದಿಲ್ಲ, ಇದು ಇದ್ದರೆ ಒಳ್ಳೆಯದು, ಇದು ಬಿಟ್ಟರೂ ನಡೆಯುತ್ತದೆ.

2002ರ ಕೊನೆಗೆ ಜಪಾನಿನಲ್ಲಿ ಬಂದ 'ದಿ ಲೆಜೆಂಡ್ ಆಫ್ ಜೆಲ್ಡಾ: ದಿ ವಿಂಡ್ ವೇಕರ್' ಇದಕ್ಕೆ ಒಳ್ಳೆಯ ಉದಾಹರಣೆ. ಅದರಲ್ಲಿ ಗುಹೆಯಂಥ ಎರಡು ದೊಡ್ಡ ಲೆವೆಲ್‌ಗಳನ್ನು ಬಿಟ್ಟರು. ಆ ಜಾಗವನ್ನು ತುಂಬಲು ಕೊನೆಯಲ್ಲಿ ಸಮುದ್ರದ ಮೇಲೆ ಚೂರುಗಳನ್ನು ಹುಡುಕುವ ಉದ್ದದ ಕೆಲಸ ಬಂತು. ಅದನ್ನು ಆಡಿದವರೆಲ್ಲ ಬೈದಿದ್ದಾರೆ. 2013ರಲ್ಲಿ ಗೇಮ್ ಹೊಸ ರೂಪದಲ್ಲಿ ಬಂದಾಗ ಆ ಹುಡುಕಾಟವನ್ನು ಚಿಕ್ಕದು ಮಾಡಿದರು. ಆದರೆ ಬಿಟ್ಟ ಲೆವೆಲ್‌ಗಳು ಮರಳಲಿಲ್ಲ. ನಿರ್ದೇಶಕ ಐಜಿ ಔನುಮಾ ಕೊಟ್ಟ ಕಾರಣ ಸರಳ: ಆ ಲೆವೆಲ್‌ಗಳನ್ನು ಸರಣಿಯ ಬೇರೆ ಗೇಮ್‌ಗಳಲ್ಲಿ ಆಗಲೇ ಬಳಸಿ ಆಗಿದೆ. ಒಂದು ಕಡೆ ಬಿಟ್ಟದ್ದು ಇನ್ನೊಂದು ಕಡೆ ವೇಷ ಬದಲಿಸಿ ಬಂದಿತ್ತು. ಆಟಗಾರರು ಅದನ್ನು ಆಡಿಯೂ ಗುರುತಿಸಿರಲಿಲ್ಲ.

ಅಜ್ಜಿ ಕಥೆಯ ಲೋಕಕ್ಕೇ ಮೊದಲ ಪೆಟ್ಟು

ಹಿಮದ ಲೋಕ, ಮರುಭೂಮಿ, ಕಾಡು, ಜ್ವಾಲಾಮುಖಿ. ಸಾಹಸದ ಗೇಮ್‌ಗಳಲ್ಲಿ ಇವು ಸಾಮಾನ್ಯ. ಇವುಗಳ ಜೊತೆ ತಯಾರಕರಿಗೆ ಬಹಳ ಇಷ್ಟವಾದ ಇನ್ನೊಂದು ಐಡಿಯಾ ಇದೆ: ಕಾಲ್ಪನಿಕ ಕಥೆಗಳ ಲೋಕ. ಬೀನ್ಸ್ ಬಳ್ಳಿ ಹತ್ತಿ ಮೋಡದ ಮೇಲಿನ ದೈತ್ಯನ ಮನೆಗೆ ಹೋಗುವುದು, ಕೆಂಪು ಟೋಪಿಯ ಹುಡುಗಿ, ತೋಳ, ಮೂರು ಹಂದಿಗಳು, ಉದ್ದ ಜಡೆಯ ರಾಜಕುಮಾರಿ.

ಇಷ್ಟವಾಗಲು ಕಾರಣ ಇದೆ. ಈ ಕಥೆಗಳಿಗೆ ಯಾರಿಗೂ ದುಡ್ಡು ಕೊಡಬೇಕಾಗಿಲ್ಲ. ಫ್ರಾನ್ಸಿನ ಪೆರೊ ತನ್ನ ಕಥೆಗಳನ್ನು ಪ್ರಕಟಿಸಿದ್ದು 1697ರಲ್ಲಿ. ಜರ್ಮನಿಯ ಗ್ರಿಮ್ ಸಹೋದರರ ಮೊದಲ ಸಂಪುಟ 1812ರದ್ದು. ಭಾರತದಲ್ಲಿ ಕಾಪಿರೈಟ್ ಲೇಖಕ ತೀರಿಕೊಂಡ ಮೇಲೆ 60 ವರ್ಷ ಇರುತ್ತದೆ. ಇವರದ್ದೆಲ್ಲ ಯಾವಾಗಲೋ ಮುಗಿದಿದೆ. ಆದರೆ ಅದೇ ಕಥೆಯನ್ನು ಒಂದು ಸಿನಿಮಾ ಕಂಪನಿ ಮಾಡಿದ್ದರೆ, ಆ ಸಿನಿಮಾದ ಬಟ್ಟೆ, ಮುಖ, ಹಾಡು ಅವರ ಸ್ವತ್ತು. ಕಥೆ ಎಲ್ಲರದ್ದು, ಚಿತ್ರ ಮಾತ್ರ ಅವರದ್ದು.

ಹಾಗಿದ್ದರೂ ಕತ್ತರಿ ಬಂದಾಗ ಈ ಲೋಕದ ಹೆಸರು ಪಟ್ಟಿಯ ಮೇಲೆಯೇ ಇರುವುದಕ್ಕೆ ಕಾರಣ ಹುಡುಕುವುದು ಕಷ್ಟವಲ್ಲ.

ಕಾಡಿನ ಲೆವೆಲ್ಲಿಗೆ ಮಾಡಿದ ಮರ ಇನ್ನೊಂದು ಲೆವೆಲ್ಲಿಗೂ ಆಗುತ್ತದೆ. ಕಲ್ಲು, ನೀರು, ಹುಲ್ಲು ಎಲ್ಲ ಕಡೆ ಬೇಕು. ಆದರೆ ದೈತ್ಯನ ಅಡುಗೆಮನೆಗೆ ಮಾಡಿದ ಮನೆಯಷ್ಟು ದೊಡ್ಡ ಚಮಚ ಇನ್ನೆಲ್ಲಿಗೆ ಆದೀತು? ಸಿಹಿತಿಂಡಿಯಿಂದ ಕಟ್ಟಿದ ಮಾಟಗಾತಿಯ ಮನೆ ಇನ್ನೆಲ್ಲಿಗೆ? ಎಲ್ಲವನ್ನೂ ಹೊಸದಾಗಿ ಮಾಡಬೇಕು, ಒಂದೇ ಸಲ ಬಳಸಬೇಕು. ಅತಿ ಹೆಚ್ಚು ಕೆಲಸ ಬೇಡುವ, ಕಥೆಗೆ ಅತಿ ಕಡಿಮೆ ಬೇಕಾದ ಲೋಕ ಇದು. ನನಗೆ ಕಾಣುವಂತೆ ಇದೇ ಮುಖ್ಯ ಕಾರಣ, ಉಳಿದದ್ದೆಲ್ಲ ಇದರ ನಂತರ.

ಅಳತೆಯ ತೊಂದರೆಯೂ ಇದೆ. ಗೇಮ್‌ನಲ್ಲಿ ಆಟಗಾರನ ಹಿಂದೆ ಒಂದು ಕ್ಯಾಮೆರಾ ಓಡುತ್ತಿರುತ್ತದೆ. ನಾಯಕನ ಎತ್ತರ, ಬಾಗಿಲಿನ ಎತ್ತರ, ಎಷ್ಟು ದೂರ ಹಾರಬಹುದು, ಎಲ್ಲ ಒಂದು ಲೆಕ್ಕದಲ್ಲಿ ಕೂತಿರುತ್ತದೆ. ದೈತ್ಯನ ಮನೆಯಲ್ಲಿ ಆ ಲೆಕ್ಕ ಪೂರ್ತಿ ತಪ್ಪುತ್ತದೆ. ಮೇಜು ಬೆಟ್ಟದಷ್ಟು ಎತ್ತರ. ದೈತ್ಯ ಒಂದು ಹೆಜ್ಜೆ ಇಟ್ಟರೆ ಪರದೆ ತುಂಬ ಅವನ ಕಾಲು ಮಾತ್ರ. ಹಳೆಯ ಯಂತ್ರಗಳಿಗೆ ಅಷ್ಟು ದೂರದವರೆಗೆ ಚಿತ್ರ ತೋರಿಸುವ ಶಕ್ತಿಯೂ ಇರಲಿಲ್ಲ.

ಇನ್ನು ತಮಾಷೆಯ ವಿಷಯ. ಈ ಲೋಕಗಳ ಮಜಾ ಇರುವುದೇ ಕಥೆಯನ್ನು ತಲೆಕೆಳಗು ಮಾಡುವುದರಲ್ಲಿ. ತೋಳ ಪಾಪದವನು, ಹಂದಿಗಳು ಕೆಟ್ಟವು, ಹೀಗೆ. ಮೂಲ ಕಥೆ ಗೊತ್ತಿಲ್ಲದವನಿಗೆ ಅದರಲ್ಲಿ ನಗಲು ಏನೂ ಇಲ್ಲ. ಕಾಗಕ್ಕ ಗುಬ್ಬಕ್ಕನ ಕಥೆ ಕೇಳಿ ಬೆಳೆದ ಕುಂದಾಪುರದ ಮಗುವಿಗೆ ಸಗಣಿ ಮನೆ, ಮಣ್ಣಿನ ಮನೆಯ ಹಾಸ್ಯ ಥಟ್ಟನೆ ತಲುಪುತ್ತದೆ. ಜಪಾನಿನ ಮಗುವಿಗೆ ಏನು ಗೊತ್ತು?

ಕತ್ತರಿಯಿಂದ ತಪ್ಪಿಸಿಕೊಂಡದ್ದೂ ಇದೆ. 2016ರ ಮೇ ತಿಂಗಳಲ್ಲಿ ಪೋಲೆಂಡಿನ ಸಿಡಿ ಪ್ರಾಜೆಕ್ಟ್ ರೆಡ್ ಕಂಪನಿ 'ದಿ ವಿಚರ್ 3' ಗೇಮ್‌ಗೆ 'ಬ್ಲಡ್ ಆ್ಯಂಡ್ ವೈನ್' ಎಂಬ ದೊಡ್ಡ ಹೆಚ್ಚುವರಿ ಭಾಗ ಬಿಡುಗಡೆ ಮಾಡಿತು. ಅದರಲ್ಲಿ ನಾಯಕ ಗೆರಾಲ್ಟ್ ಒಂದು ಮಾಂತ್ರಿಕ ಪುಸ್ತಕದೊಳಗೆ ಹೋಗುತ್ತಾನೆ. ಒಳಗೆ ಕಾಮನಬಿಲ್ಲು, ಬೀನ್ಸ್ ಬಳ್ಳಿ, ಉದ್ದ ಜಡೆಯವಳ ಗೋಪುರ ಎಲ್ಲ ಇದೆ, ಆದರೆ ಎಲ್ಲವೂ ಹಾಳು ಬಿದ್ದಿದೆ, ಕಥೆಯ ಪಾತ್ರಗಳಿಗೆ ಹುಚ್ಚು ಹಿಡಿದಿದೆ. ಇದು ಉಳಿದದ್ದು ಯಾಕೆ? ಅದನ್ನು ಕಥೆಯ ನಡುವಿಗೇ ಕಟ್ಟಿದ್ದರು. ಇಬ್ಬರು ಅಕ್ಕತಂಗಿಯರ ಬಾಲ್ಯದ ಆಟದ ಜಾಗ ಅದು. ತಂಗಿ ಡಚೆಸ್, ಅಕ್ಕನನ್ನು ಊರಿನಿಂದ ಓಡಿಸಿದ್ದಾರೆ. ಆ ಲೋಕಕ್ಕೆ ಹೋಗದೆ ಅಕ್ಕ ಸಿಗುವುದಿಲ್ಲ. ಮಜಾ ಏನೆಂದರೆ, ಆಟಗಾರ ಬೇರೆ ದಾರಿ ಆರಿಸಿದರೆ ಅವನಿಗೆ ಈ ಲೋಕ ಕಾಣುವುದೇ ಇಲ್ಲ. ಇಷ್ಟು ಖರ್ಚು ಮಾಡಿದ ಮೇಲೂ ಕೆಲವರು ನೋಡದೆ ಹೋಗಲಿ ಎಂದು ಬಿಡುವ ಧೈರ್ಯ ಎಲ್ಲ ಕಂಪನಿಗೂ ಇರುವುದಿಲ್ಲ.

ಹುಡುಗ ಹೋಗಿ ಕರಡಿ ಬಂತು

ಒಂದು ಲೆವೆಲ್ ಅಲ್ಲ, ಇಡೀ ಕಾಲ್ಪನಿಕ ಕಥೆಯ ಗೇಮ್ ಕತ್ತರಿಗೆ ಸಿಕ್ಕ ಕಥೆ ಇದು. ಇಂಗ್ಲೆಂಡಿನ ಟ್ವೈಕ್ರಾಸ್ ಎಂಬ ಹಳ್ಳಿಯ ರೇರ್ ಕಂಪನಿ 1994ರಲ್ಲಿ 'ಡಾಂಕಿ ಕಾಂಗ್ ಕಂಟ್ರಿ' ಮಾಡಿ ಹೆಸರು ಗಳಿಸಿತು. ಆಮೇಲೆ ಅವರು ಕೈಗೆತ್ತಿಕೊಂಡದ್ದು 'ಡ್ರೀಮ್' ಎಂಬ ಗೇಮ್. ನಾಯಕ ಎಡ್ಸನ್ ಎಂಬ ಹುಡುಗ. ಕೈಯಲ್ಲಿ ಮರದ ಕತ್ತಿ, ಜೊತೆಗೆ ಒಂದು ನಾಯಿ. ಎದುರಾಳಿಗಳು ಕಡಲ್ಗಳ್ಳರು, ಅವರ ನಾಯಕ ಕ್ಯಾಪ್ಟನ್ ಬ್ಲ್ಯಾಕ್‌ಐ. ಗೇಮ್‌ನ ಉಪಶೀರ್ಷಿಕೆಯೇ 'ದೈತ್ಯರ ನಾಡು'.

ಸೂಪರ್ ನಿಂಟೆಂಡೊ ಎಂಬ ಹಳೆಯ ಯಂತ್ರಕ್ಕೆ ಎಂದು ಶುರು ಮಾಡಿದರು. ಅಷ್ಟರಲ್ಲಿ ನಿಂಟೆಂಡೊ 64 ಬರುವುದು ಖಚಿತವಾಯಿತು. ಹೊಸ ಯಂತ್ರ ಮೂರು ಆಯಾಮದ್ದು. ಹಳೆಯದನ್ನು ಬಿಟ್ಟು ಹೊಸದಾಗಿ ಶುರು ಮಾಡಬೇಕಾಯಿತು. ನೆಲವನ್ನು ಏರುತಗ್ಗಾಗಿ ಚಂದ ತೋರಿಸಲು ಅವರು ಮಾಡಿದ ತಂತ್ರ ಯಂತ್ರಕ್ಕೆ ಭಾರವಾಯಿತು. ಹುಡುಗ ನಾಯಕನಾಗಿ ಗಮನ ಸೆಳೆಯುತ್ತಿಲ್ಲ ಅನ್ನಿಸಿತು. ಅವನ ಜಾಗಕ್ಕೆ ಮೊಲ ಬಂತು, ಆಮೇಲೆ ಕರಡಿ. ಆ ಕರಡಿಯೇ ಬ್ಯಾಂಜೊ. ಅದರ ಬೆನ್ನಿನ ಚೀಲದಲ್ಲಿ ಕಜೂಯಿ ಎಂಬ ಹಕ್ಕಿ ಸೇರಿತು. ಗೇಮ್ ಚಿಕ್ಕದಾಯಿತು, ಸರಳವಾಯಿತು, 1998ರಲ್ಲಿ 'ಬ್ಯಾಂಜೊ-ಕಜೂಯಿ' ಆಗಿ ಹೊರಗೆ ಬಂತು. ಬಂದದ್ದು ಭಾರಿ ಹಿಟ್. ಎಡ್ಸನ್ ಹೆಸರೂ ಯಾರಿಗೂ ಗೊತ್ತಿರಲಿಲ್ಲ.

ಆದರೆ ಒಳಗಿದ್ದವರು ಮರೆತಿರಲಿಲ್ಲ. 2000ದಲ್ಲಿ ಬಂದ 'ಬ್ಯಾಂಜೊ-ಟೂಯಿ'ಯಲ್ಲಿ ಒಂದು ಹೋಟೆಲ್ ಇದೆ. ಅದರ ಮೂಲೆಯಲ್ಲಿ ಕೂತ ಕುಡುಕ ಕಡಲ್ಗಳ್ಳ ಬೇರಾರೂ ಅಲ್ಲ, ಕ್ಯಾಪ್ಟನ್ ಬ್ಲ್ಯಾಕ್‌ಐ. ತನಗೊಂದು ಕನಸು ಬಿದ್ದಿತ್ತು, ಅದರಲ್ಲಿ ತಾನು ಒಂದು ಒಳ್ಳೆಯ ಗೇಮ್‌ನಲ್ಲಿದ್ದೆ, ಒಂದು ಕರಡಿ ತನ್ನ ಹೆಸರನ್ನೆಲ್ಲ ಕದ್ದಿತು ಎಂದು ಗೋಳಾಡುತ್ತಾನೆ. ಆಗ ಆಡಿದವರಿಗೆ ಇದು ಸುಮ್ನೆ ಕುಡುಕನ ಮಾತು. 2015ರಲ್ಲಿ ರೇರ್ ತಾನೇ 'ಡ್ರೀಮ್' ದೃಶ್ಯಗಳನ್ನು ತೋರಿಸಿದ ಮೇಲೆ ಆ ಜೋಕ್ ಎಲ್ಲರಿಗೂ ಅರ್ಥವಾಯಿತು.

ಬಿಟ್ಟದ್ದನ್ನು ಬೇರೆ ಕಡೆ ಬಳಸುವುದರಲ್ಲಿ ರೇರ್ ಎತ್ತಿದ ಕೈ. 1999ರ 'ಡಾಂಕಿ ಕಾಂಗ್ 64' ಗೇಮ್‌ನಲ್ಲಿರುವ ಅಣಬೆಗಳ ಕಾಡು ಮೊದಲು ಬ್ಯಾಂಜೊಗೆ ಎಂದು ಯೋಚಿಸಿದ್ದು. ಎರಡಕ್ಕೂ ಸಂಗೀತ ಮಾಡಿದ ಗ್ರ್ಯಾಂಟ್ ಕರ್ಕೋಪ್ ಇದನ್ನು ಹೇಳಿದ್ದಾರೆ.

ಮತ್ತೆ ಮತ್ತೆ ಕತ್ತರಿ

ಕೆಲವು ಜಾಗಗಳಿಗೆ ಒಂದು ಸಲ ಅಲ್ಲ, ಸರಣಿಯ ಉದ್ದಕ್ಕೂ ಕತ್ತರಿ ಬೀಳುತ್ತದೆ. ಒಳ್ಳೆಯ ಐಡಿಯಾ ಅಂತ ಪ್ರತಿ ಸಲ ಹೊರತೆಗೆಯುತ್ತಾರೆ, ಪ್ರತಿ ಸಲ ಹಳೆಯದೇ ತೊಂದರೆ ಎದುರಾಗುತ್ತದೆ.

ಇದರಲ್ಲಿ ಬಹಳ ಹೆಸರಾದದ್ದು ಬೋರಿಯಾಲಿಸ್ ಎಂಬ ಹಡಗು. ಅಜ್ಜಿ ಕಥೆಗೂ ಇದಕ್ಕೂ ಸಂಬಂಧ ಇಲ್ಲ, ಆದರೆ ಹಣೆಬರಹ ಅದೇ. ವಾಲ್ವ್ ಕಂಪನಿಯ 'ಹಾಫ್-ಲೈಫ್ 2' ಬಂದದ್ದು 2004ರಲ್ಲಿ. ಅದರ ಮೊದಲಿನ ಯೋಜನೆಯಲ್ಲಿ ಹಿಮದಲ್ಲಿ ಸಿಕ್ಕಿಬಿದ್ದ ಈ ಹಡಗಿನ ಲೆವೆಲ್ ಇತ್ತು. ಕಥೆ ಬದಲಾಯಿತು, ಹಡಗು ಹೋಯಿತು. 2007ರಲ್ಲಿ ಅದರ ಮುಂದುವರಿದ ಭಾಗ 'ಎಪಿಸೋಡ್ ಟು' ಬಂತು. ಅದರಲ್ಲಿ ಹಡಗಿನ ಹೆಸರು ಮತ್ತೆ ಎದ್ದಿತು, ಮುಂದಿನ ಭಾಗದಲ್ಲಿ ಅಲ್ಲಿಗೇ ಹೋಗುವುದು ಎಂದು ಕಥೆ ನಿಂತಿತು. ಆ ಮುಂದಿನ ಭಾಗ ಬರಲೇ ಇಲ್ಲ. 2011ರ 'ಪೋರ್ಟಲ್ 2' ಗೇಮ್‌ನಲ್ಲಿ ಒಂದು ಮೂಲೆಗೆ ಹೋದರೆ ಹಡಗು ಕಟ್ಟುವ ಖಾಲಿ ಜಾಗ ಸಿಗುತ್ತದೆ, ಮುಳುಗುವವರಿಗೆ ಎಸೆಯುವ ತೇಲುಬಳೆ ಅಲ್ಲಿದೆ, ಅದರ ಮೇಲೆ ಬೋರಿಯಾಲಿಸ್ ಹೆಸರು. ಹಡಗು ಮಾತ್ರ ಇಲ್ಲ. 2024ರಲ್ಲಿ 'ಹಾಫ್-ಲೈಫ್ 2'ಕ್ಕೆ 20 ವರ್ಷ ತುಂಬಿದಾಗ ಬಂದ ಸಾಕ್ಷ್ಯಚಿತ್ರದಲ್ಲಿ, ಬಿಟ್ಟುಹೋದ ಆ ಭಾಗದ ಅರೆಬರೆ ಕೆಲಸವನ್ನು ಕಂಪನಿ ತಾನೇ ತೋರಿಸಿತು.

ಸುಖಾಂತ್ಯ ಕಂಡದ್ದು ಸೋನಿಕ್‌ನ 'ಹಿಡನ್ ಪ್ಯಾಲೇಸ್'. ಹೊಳೆಯುವ ಕಲ್ಲುಗಳ ಗುಹೆ ಅದು. 1992ರ ಎರಡನೇ ಗೇಮ್‌ಗೆ ಮಾಡಿದ್ದರು, ಪತ್ರಿಕೆಗಳಲ್ಲಿ ಚಿತ್ರವೂ ಬಂದಿತ್ತು. ಗೇಮ್ ಅಂಗಡಿಗೆ ಬಂದಾಗ ಲೆವೆಲ್ ಇಲ್ಲ. 1994ರ 'ಸೋನಿಕ್ ಆ್ಯಂಡ್ ನಕಲ್ಸ್'ನಲ್ಲಿ ಅದೇ ಹೆಸರಿನ ಬೇರೆಯೇ ಲೆವೆಲ್ ಬಂತು. ಮೊದಲಿನದು ಅಭಿಮಾನಿಗಳ ಬಾಯಲ್ಲಿ ಮಾತ್ರ ಉಳಿಯಿತು. 2013ರಲ್ಲಿ ಮೊಬೈಲ್‌ಗೆ ಎಂದು ಎರಡನೇ ಗೇಮ್ಮನ್ನು ಮತ್ತೆ ಮಾಡಿದಾಗ ಅದನ್ನು ಪೂರ್ತಿ ಮಾಡಿ ಸೇರಿಸಿದರು. ಒಳಗೆ ಹೋಗುವ ದಾರಿ ಎಲ್ಲಿಟ್ಟರು ಗೊತ್ತಾ? ಹಳೆಯ ಗೇಮ್‌ನಲ್ಲಿ ಒಂದು ಗುಂಡಿ ಇತ್ತು. ಬಿದ್ದರೆ ಕೆಳಗೆ ಮುಳ್ಳು, ಮೇಲೆ ಬರಲು ದಾರಿಯೇ ಇಲ್ಲ, ಸಾಯುವುದೊಂದೇ. ಎಲ್ಲರೂ ಬೈಯುತ್ತಿದ್ದ ಆ ಗುಂಡಿಯೇ ಈಗ ಬಾಗಿಲು.

ಕತ್ತರಿಸಿದ್ದು ಒಳಗೆ ಉಳಿಯುವುದು ಹೇಗೆ?

ಬೇಡವಾದರೆ ಅಳಿಸಬಹುದಲ್ಲ? ಅಷ್ಟು ಸುಲಭವಿಲ್ಲ. ಗೇಮ್‌ನ ಫೈಲ್‌ಗಳು ಒಂದರ ಮೇಲೊಂದು ನಿಂತಿರುತ್ತವೆ. ಬಿಟ್ಟ ಲೆವೆಲ್ಲಿನ ಒಂದು ಶಬ್ದ ಇನ್ನೊಂದು ಲೆವೆಲ್‌ನಲ್ಲೂ ಬಳಕೆ ಆಗುತ್ತಿರಬಹುದು. ಅಳಿಸಿದರೆ ಅಲ್ಲಿ ಗೇಮ್ ನಿಂತುಹೋಗಬಹುದು. ಬಿಡುಗಡೆಗೆ ಮುಂಚಿನ ವಾರಗಳಲ್ಲಿ ಯಾರೂ ಆ ಅಪಾಯಕ್ಕೆ ಕೈ ಹಾಕುವುದಿಲ್ಲ. ಅಲ್ಲಿಗೆ ಹೋಗುವ ದಾರಿ ಮುಚ್ಚುತ್ತಾರೆ, ಅಷ್ಟೆ. ಆಮೇಲೆ ಆಸಕ್ತರು ಫೈಲ್‌ಗಳನ್ನು ಬಿಚ್ಚಿ ನೋಡುತ್ತಾರೆ. ಇವರನ್ನು ಡೇಟಾ ಮೈನರ್‌ಗಳು ಅನ್ನುತ್ತಾರೆ. ಯೂಟ್ಯೂಬ್ ವಿಡಿಯೊಗಳಿಗೆ ಸರಕು ಸಿಗುವುದು ಹೆಚ್ಚಾಗಿ ಇವರಿಂದ, ಅಥವಾ ಎಲ್ಲಿಂದಲೋ ಹೊರಬಂದ ಅರ್ಧ ಮುಗಿದ ಪ್ರತಿಗಳಿಂದ.

ಹೀಗೆ ಮುಚ್ಚಿದ ಬಾಗಿಲು ತೆರೆದು ಕಂಪನಿಗೆ ಪೇಚಾದದ್ದೂ ಇದೆ. 2004ರ 'ಗ್ರ್ಯಾಂಡ್ ಥೆಫ್ಟ್ ಆಟೊ: ಸ್ಯಾನ್ ಆ್ಯಂಡ್ರಿಯಾಸ್' ಗೇಮ್‌ನಲ್ಲಿ ಒಂದು ಅಶ್ಲೀಲ ದೃಶ್ಯವನ್ನು ಕೈಬಿಟ್ಟಿದ್ದರು, ಆದರೆ ಫೈಲ್ ಡಿಸ್ಕ್‌ನಲ್ಲೇ ಇತ್ತು. 2005ರಲ್ಲಿ ಒಬ್ಬರು ಅದನ್ನು ತೆರೆಯುವ ದಾರಿ ಕಂಡುಹಿಡಿದರು. ಅದೇ ಜುಲೈನಲ್ಲಿ ಅಮೆರಿಕದ ಗೇಮ್ ರೇಟಿಂಗ್ ಮಂಡಳಿ ಅದರ ವಯಸ್ಸಿನ ಮಿತಿಯನ್ನು 17ರಿಂದ 18ಕ್ಕೆ ಏರಿಸಿತು. ಒಂದೇ ವರ್ಷದ ವ್ಯತ್ಯಾಸ ಅನ್ನಿಸಬಹುದು. ಆದರೆ 18ರ ಮುದ್ರೆ ಬಿದ್ದ ಗೇಮ್ಮನ್ನು ಅಲ್ಲಿನ ದೊಡ್ಡ ಅಂಗಡಿಗಳು ಇಡುವುದಿಲ್ಲ. ಪ್ರತಿಗಳನ್ನೆಲ್ಲ ಹಿಂದಕ್ಕೆ ತೆಗೆದುಕೊಂಡರು.

ಹಾಗಾದರೆ ನಮಗೆ ಮೋಸ ಆಯಿತಾ?

ಎರಡು ಬಗೆ ಇದೆ. ಒಂದು, ಪೂರ್ತಿ ಆಗದ್ದನ್ನು ಬಿಡುವುದು. ಇಷ್ಟು ಹೊತ್ತು ಹೇಳಿದ್ದು ಅದನ್ನೇ. ಅದನ್ನು ತೆರೆದು ನೋಡಿದರೂ ಆಡಲು ಆಗುವುದು ಕಡಿಮೆ. ನೆಲ ಇರುತ್ತದೆ, ಗೋಡೆ ಇರುವುದಿಲ್ಲ. ಶತ್ರು ನಿಂತಲ್ಲೇ ನಿಂತಿರುತ್ತಾನೆ.

ಇನ್ನೊಂದು, ಪೂರ್ತಿ ಆದದ್ದಕ್ಕೆ ಬೀಗ ಹಾಕಿ ಆಮೇಲೆ ಮಾರುವುದು. 2012ರಲ್ಲಿ ಕ್ಯಾಪ್ಕಾಮ್ ಕಂಪನಿಯ 'ಸ್ಟ್ರೀಟ್ ಫೈಟರ್ ಎಕ್ಸ್ ಟೆಕ್ಕೆನ್' ಗೇಮ್‌ನ ಡಿಸ್ಕ್‌ನಲ್ಲೇ 12 ಪಾತ್ರಗಳು ಬೀಗ ಹಾಕಿದ ಸ್ಥಿತಿಯಲ್ಲಿ ಸಿಕ್ಕಿದವು. ಅವನ್ನು ತೆರೆಯಲು ಬೇರೆ ದುಡ್ಡು ಕೊಡಬೇಕು. ಆಟಗಾರರು ಸಿಟ್ಟಾದರು, ಗಲಾಟೆ ಆಯಿತು. ಅಪ್ಪಅಮ್ಮಂದಿರ ಸಿಟ್ಟಿಗೆ ನ್ಯಾಯ ಇರುವುದು ಇಂಥದ್ದರಲ್ಲಿ. ಹೊಸದಾಗಿ ಕೆಲಸ ಮಾಡಿ ತಿಂಗಳುಗಳ ನಂತರ ಮಾರುವ ಹೆಚ್ಚುವರಿ ಭಾಗ ಬೇರೆ, 'ಬ್ಲಡ್ ಆ್ಯಂಡ್ ವೈನ್' ಆ ಜಾತಿಯದ್ದು. ಮಗ ತೋರಿಸುವ ವಿಡಿಯೊ ಯಾವ ಬಗೆಯದು ಎಂದು ಕೇಳಿ ನೋಡಿ, ಅವನಿಗೇ ಗೊತ್ತಿರುತ್ತದೆ.

ಅದನ್ನು ಡೌನ್‌ಲೋಡ್ ಮಾಡಬಹುದಾ?

ಬಿಟ್ಟದ್ದನ್ನು ಹೆಕ್ಕಿ ಜೋಡಿಸಿ ಮತ್ತೆ ಆಡುವಂತೆ ಮಾಡುವ ಅಭಿಮಾನಿಗಳು ಇದ್ದಾರೆ. ಅವರು ಮಾಡುವ ಬದಲಾವಣೆಗೆ 'ಮಾಡ್' ಅನ್ನುತ್ತಾರೆ. 2004ರ ಕೊನೆಗೆ ಅವಸರದಲ್ಲಿ ಬಂದ ಸ್ಟಾರ್ ವಾರ್ಸ್ ಸರಣಿಯ 'ನೈಟ್ಸ್ ಆಫ್ ದಿ ಓಲ್ಡ್ ರಿಪಬ್ಲಿಕ್ 2' ಗೇಮ್‌ನಲ್ಲಿ ರೋಬೋಟ್‌ಗಳ ಒಂದು ಇಡೀ ಗ್ರಹವನ್ನೇ ಬಿಟ್ಟಿದ್ದರು, ಕೊನೆಯ ಭಾಗವಂತೂ ಹರಿದ ಪುಟದ ಹಾಗೆ ಇತ್ತು. ಅಭಿಮಾನಿಗಳು ವರ್ಷಗಟ್ಟಲೆ ಕೂತು ಸರಿಮಾಡಿದರು. 2022ರಲ್ಲಿ ಆ ಗೇಮ್ ನಿಂಟೆಂಡೊ ಸ್ವಿಚ್ ಎಂಬ ಯಂತ್ರಕ್ಕೆ ಬಂದಾಗ, ಈ ಬಿಟ್ಟ ಭಾಗಗಳನ್ನು ಆಮೇಲೆ ಉಚಿತವಾಗಿ ಕೊಡುವುದಾಗಿ ಕಂಪನಿ ಹೇಳಿತ್ತು. 2023ರಲ್ಲಿ ಅದೂ ರದ್ದಾಯಿತು. ಕತ್ತರಿಸಿದ್ದಕ್ಕೇ ಮತ್ತೊಮ್ಮೆ ಕತ್ತರಿ!

ಕಂಪ್ಯೂಟರ್ ಗೇಮ್‌ಗಳಲ್ಲಿ ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನ ವರ್ಕ್‌ಶಾಪ್‌ನಂಥ ಅಧಿಕೃತ ಜಾಗದಿಂದ ಮಾಡ್ ಹಾಕಿಕೊಳ್ಳುವುದರಲ್ಲಿ ಭಯಪಡುವಂಥದ್ದು ಕಡಿಮೆ. ಕದ್ದು ಹೊರಬಂದ ಅರ್ಧ ಮುಗಿದ ಗೇಮ್‌ನ ಪ್ರತಿ ಬೇರೆ ಮಾತು. ನಮ್ಮ 1957ರ ಕಾಪಿರೈಟ್ ಕಾಯ್ದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಮ್‌ಗೂ ರಕ್ಷಣೆ ಇದೆ.

ಮೊಬೈಲ್‌ನಲ್ಲಿ ಇನ್ನೂ ಜಾಗ್ರತೆ ಬೇಕು. 'ಸೀಕ್ರೆಟ್ ಲೆವೆಲ್ ಅನ್‌ಲಾಕ್' ಎಂದು ವಿಡಿಯೊದ ಕೆಳಗೆ ಕೊಟ್ಟ ಲಿಂಕ್ ಒತ್ತಿದರೆ ಎಪಿಕೆ ಫೈಲ್ ಇಳಿಯುತ್ತದೆ. ಪ್ಲೇ ಸ್ಟೋರ್‌ನ ಹೊರಗಿನಿಂದ ಬಂದ ಆ್ಯಪ್ ಅದು. ಎಸ್‌ಎಂಎಸ್ ಓದಲು ಅನುಮತಿ ಕೇಳಿದರೆ ಅಲ್ಲಿಗೇ ನಿಲ್ಲಿಸಿ, ಗೇಮ್‌ಗೆ ನಿಮ್ಮ ಎಸ್‌ಎಂಎಸ್‌ನಿಂದ ಏನಾಗಬೇಕಿದೆ? ಅದು ಓದಲು ಹೊರಟಿರುವುದು ಬ್ಯಾಂಕಿನ ಒಟಿಪಿಯನ್ನು. ಆಗಲೇ ಹಾಕಿಕೊಂಡಿದ್ದರೆ ಫೋನಿನ ಇಂಟರ್‌ನೆಟ್ ಆಫ್ ಮಾಡಿ ಆ್ಯಪ್ ತೆಗೆಯಿರಿ, ಬ್ಯಾಂಕಿಗೆ ಬೇರೆ ಫೋನಿನಿಂದ ತಿಳಿಸಿ. ಖಾತೆಯಿಂದ ಹಣ ಹೋಗಿದ್ದರೆ ಸೈಬರ್ ಸಹಾಯವಾಣಿ 1930ಕ್ಕೆ ತಕ್ಷಣ ಕರೆ ಮಾಡಬೇಕು.